ಹಿನ್ನೀರಿನಡಿಯ ಊರು ನೋಡಲು ಹಳೆಯ ನಕಾಶೆ ಕೂರಿಸುವುದು ಹೇಗೆ?

ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅದಕ್ಕೂ ಹಿಂದಿನ ಸರ್ವೆ ನಕಾಶೆ ಸಿಕ್ಕರೆ ಮುಳುಗಿದ ಊರು, ಗಾಡಿದಾರಿ, ಹೊಳೆಯ ಹಳೆಯ ಪಾತ್ರ ಎಲ್ಲವನ್ನೂ ಇವತ್ತಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿ ನೋಡಬಹುದು. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಸಾಕು. ಗೂಗಲ್ ಅರ್ಥ್‌ನಲ್ಲೂ ಚಿತ್ರ ಹೊದಿಸಬಹುದು, ಆದರೆ ಕಣ್ಣಳತೆಯಲ್ಲಿ ಎಳೆದಾಡಬೇಕು. ತಪ್ಪು ಎಷ್ಟಿದೆ ಎಂದು ಅದು ಹೇಳುವುದಿಲ್ಲ. ಬೇಡ.

ಮೊದಲು ಹಾಳೆ. ಹಿನ್ನೀರು 76 ಡಿಗ್ರಿ ರೇಖಾಂಶದ ಎರಡೂ ಬದಿಗೆ ಹರಡಿದೆ. ಹಾಳೆಯ ಸಂಖ್ಯೆ ಪೂರ್ವಕ್ಕೆ 57 ಡಿ/1, ಪಶ್ಚಿಮಕ್ಕೆ 48 ಪಿ/13. ಸರ್ವೆ ಆಫ್ ಇಂಡಿಯಾ ಜಾಲತಾಣದಲ್ಲಿ ಪುಕ್ಕಟೆ ಸಿಗುವ ಓಪನ್ ಸೀರೀಸ್ ನಕಾಶೆಗಳು ಹೊಸವು, ಅವುಗಳಲ್ಲಿ ಬರೀ ನೀರು. ಹಳೆಯದಕ್ಕೆ ಕಾಲೇಜಿನ ಭೂಗೋಳ ವಿಭಾಗದ ಬೀರು ಹುಡುಕಿ.

ಸ್ಕ್ಯಾನ್ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ), ಚಪ್ಪಟೆ ಸ್ಕ್ಯಾನರ್‌ನಲ್ಲಿ. ಫೋಟೊ ತೆಗೆದು ‘ನೇರ ಮಾಡುವ’ ಆ್ಯಪ್‌ಗಳು ನಕಾಶೆಗೆ ಶತ್ರು, ಒಂದೊಂದು ಅಂಚನ್ನು ಒಂದೊಂದು ಥರ ಎಳೆಯುತ್ತವೆ. ಕಡತವನ್ನು ವಾಟ್ಸಾಪ್‌ನಲ್ಲಿ ತರಿಸಿಕೊಳ್ಳುವುದಾದರೆ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ.

ಈಗ ಕ್ಯೂಜಿಐಎಸ್‌ನ ಲೇಯರ್ ಮೆನುವಿನಿಂದ ಜಿಯೊರೆಫರೆನ್ಸರ್ (ಸ್ಕ್ಯಾನ್ ಚಿತ್ರವನ್ನು ಭೂಮಿಯ ಮೇಲಿನ ಅದರ ಜಾಗಕ್ಕೆ ಕೂರಿಸುವ ಸಾಧನ) ತೆರೆದು ಸ್ಕ್ಯಾನ್ ಕಡತ ಹಾಕಿ (ಹಳೆಯ ಆವೃತ್ತಿಯಲ್ಲಿ ರಾಸ್ಟರ್ ಮೆನು). ಎಲ್ಲರೂ ಎಡವುವುದು ಇಲ್ಲೇ. ಹಾಳೆಯ ಮೇಲೆ ಐದೈದು ನಿಮಿಷಕ್ಕೊಂದು ಅಕ್ಷಾಂಶ, ರೇಖಾಂಶದ ಗೆರೆಗಳಿರುತ್ತವೆ. ಅವು ಸೇರುವ ಕಡೆ ಹದಿನಾರು. ನಾಲ್ಕು ಮೂಲೆ ಗುರುತಿಸಿ ಮುಗಿಸುವವರೇ ಹೆಚ್ಚು, ಹದಿನಾರನ್ನೂ ಗುರುತಿಸಿ. ಗೆರೆ ಗೆರೆ ಕೂಡುವ ನಡುಮಧ್ಯಕ್ಕೆ ಚುಕ್ಕಿ ಬೀಳುವಷ್ಟು ಜೂಮ್ ಮಾಡಿ.

ಪ್ರತಿ ಚುಕ್ಕಿಗೂ ಅಂಕಿ ಕೇಳುತ್ತದೆ. ಎಕ್ಸ್ ಎಂದರೆ ರೇಖಾಂಶ, ವೈ ಎಂದರೆ ಅಕ್ಷಾಂಶ. ತಿರುವುಮುರುವು ಮಾಡಬೇಡಿ. ಹಾಳೆಯ ಕೆಳಗಂಚಿನಲ್ಲಿ 12 ಡಿಗ್ರಿ 45 ನಿಮಿಷ ಎಂದಿದ್ದರೆ ಅದು 12.45 ಅಲ್ಲ, 12.75. ಡಿಗ್ರಿಗೆ ಅರವತ್ತು ನಿಮಿಷ ಎಂದು ಶಾಲೆಯಲ್ಲಿ ಓದಿದ್ದು ಕೀಲಿಮಣೆ ಮುಂದೆ ಕೂತಾಗ ಮರೆತುಹೋಗುತ್ತದೆ. 12.45 ಕೊಟ್ಟರೆ ಗೊರೂರಿನ ಹಾಳೆಯ ಬುಡ 33 ಕಿಲೋಮೀಟರ್ ದಕ್ಷಿಣಕ್ಕೆ ಇಳಿದು ಕುಶಾಲನಗರದ ನೆರೆಗೆ ಹೋಗುತ್ತದೆ! 50 ನಿಮಿಷಕ್ಕೆ .8333, 55ಕ್ಕೆ .9167. ಈ ಲೆಕ್ಕವೇ ಬೇಡವೆಂದರೆ ನಡುವೆ ಜಾಗ ಬಿಟ್ಟು 12 45 00 ಎಂದೇ ಹೊಡೆಯಿರಿ, ತಂತ್ರಾಂಶಕ್ಕೆ ಅರ್ಥವಾಗುತ್ತದೆ.

ಇನ್ನೊಂದು ಹೊಂಡ ಕಣ್ಣಿಗೆ ಕಾಣದ್ದು. ಹಳೆಯ ಹಾಳೆಗಳು ಎವರೆಸ್ಟ್ 1830 ಎಂಬ ಭೂಮಿಯ ಆಕಾರದ ಲೆಕ್ಕದ ಮೇಲೆ ನಿಂತಿವೆ, ನಿಮ್ಮ ಫೋನಿನ ಜಿಪಿಎಸ್ ಡಬ್ಲ್ಯುಜಿಎಸ್ 84ರ ಮೇಲೆ. ವ್ಯತ್ಯಾಸ ನಮ್ಮ ಕಡೆ ನೂರೈವತ್ತು ಮೀಟರಿಗೂ ಹೆಚ್ಚು. ಆದ್ದರಿಂದ ಟಾರ್ಗೆಟ್ ಸಿಆರ್‌ಎಸ್‌ನಲ್ಲಿ (ಅಂಕಿಗಳು ಯಾವ ಲೆಕ್ಕದವು ಎಂದು ಹೇಳುವ ಕಡೆ) ಎವರೆಸ್ಟ್ ಲೆಕ್ಕದ ಕಲ್ಯಾಣ್‌ಪುರ್ 1975 ಆರಿಸಿ, ಪಟ್ಟಿಯಲ್ಲಿ ಅದರ ಸಂಕೇತ ಇಪಿಎಸ್‌ಜಿ 4146. ಹೊಸ ಆವೃತ್ತಿಯಲ್ಲಿ ಚುಕ್ಕಿಯ ಅಂಕಿ ಕೊಡುವ ಪೆಟ್ಟಿಗೆಯಲ್ಲೂ ಅದನ್ನೇ.

ಚಿತ್ರ ಕೂರಿಸುವ ಬಗೆ (ಟ್ರಾನ್ಸ್‌ಫರ್ಮೇಶನ್ ಟೈಪ್) ‘ಪಾಲಿನಾಮಿಯಲ್ 1’ ಇರಲಿ. ‘ಥಿನ್ ಪ್ಲೇಟ್ ಸ್ಪ್ಲೈನ್’ ಹಾಕಿದರೆ ತಪ್ಪು ಸೊನ್ನೆ ಎಂದು ತೋರಿಸುತ್ತದೆ, ಹುಡುಗರು ಹಿಗ್ಗುತ್ತಾರೆ. ಅದು ಕೊಟ್ಟ ಚುಕ್ಕಿಗೆಲ್ಲ ಕಾಗದವನ್ನು ರಬ್ಬರಿನಂತೆ ಎಳೆದು ಕೂರಿಸುತ್ತದೆ, ಚುಕ್ಕಿಯೇ ತಪ್ಪಿದ್ದರೂ ಹೇಳುವುದಿಲ್ಲ. ಪಾಲಿನಾಮಿಯಲ್‌ನಲ್ಲಾದರೆ ಕೆಟ್ಟ ಚುಕ್ಕಿಯ ಎದುರಿಗೆ ಕೆಂಪು ಗೆರೆ ಉದ್ದವಾಗಿ ನಿಲ್ಲುತ್ತದೆ, ಅದನ್ನೇ ಮತ್ತೆ ಹಿಡಿಯಿರಿ. 1:50,000ದ ಹಾಳೆಯಲ್ಲಿ ಒಂದು ಪಿಕ್ಸೆಲ್ ಎಂದರೆ ಸುಮಾರು ನಾಲ್ಕು ಮೀಟರ್. ಸರಾಸರಿ ತಪ್ಪು ಮೂರು ಪಿಕ್ಸೆಲ್‌ನೊಳಗಿದ್ದರೆ ಸಾಕು.

ರನ್ ಕೊಡಿ, ಉಪಗ್ರಹ ಚಿತ್ರದ ಮೇಲೆ ಹಾಕಿ, ಅರ್ಧ ಪಾರದರ್ಶಕ ಮಾಡಿ. ಪರೀಕ್ಷೆಗೆ ರಸ್ತೆಯ ತಿರುವನ್ನು ನಂಬಬೇಡಿ, ಅಗಲ ಮಾಡುವಾಗ ಅದು ಎತ್ತಲೋ ಹೋಗಿರುತ್ತದೆ. ಹಳೆಯ ಕೆರೆಯ ಏರಿ ನೋಡಿ. ನಿಮ್ಮ ಹಾಳೆಯಲ್ಲಿ ಶೆಟ್ಟಿಹಳ್ಳಿ ಬಂದಿದ್ದರೆ ಪಾಳುಬಿದ್ದ ಚರ್ಚು ಇನ್ನೂ ಒಳ್ಳೆಯದು, ನಕಾಶೆಯಲ್ಲೂ ಇದೆ, ಬೇಸಿಗೆಯ ಉಪಗ್ರಹ ಚಿತ್ರದಲ್ಲೂ ಕಾಣುತ್ತದೆ. ತಪ್ಪಿನ ಅಂಕಿ ಚಿಕ್ಕದಿದ್ದೂ ಎಲ್ಲ ಏರಿಗಳೂ ಒಂದೇ ದಿಕ್ಕಿಗೆ ಸರಿದಿದ್ದರೆ ಕಲ್ಯಾಣ್‌ಪುರ್ ಮರೆತಿದ್ದೀರಿ ಎಂದೇ ಅರ್ಥ.

ಫೋನಿಗೆ ಹಾಕಿಕೊಂಡು ಹಿನ್ನೀರಿನ ದಡಕ್ಕೆ ಹೋಗುವವರಿಗೆ ಕ್ಯೂಫೀಲ್ಡ್ ಎಂಬ, ಕ್ಯೂಜಿಐಎಸ್ ಕಡತ ತೆರೆಯುವ ಫೋನ್ ಆ್ಯಪ್ ಸಾಕು. ಜಾಹೀರಾತು ತುಂಬಿದ ‘ಹಳೆ ನಕಾಶೆ’ ಆ್ಯಪ್‌ಗಳಿಗೆ ದುಡ್ಡು ಕೊಡಬೇಡಿ. ನಕಾಶೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಂಡು ಹೋಗಿ.