ಬಾರ್‌ಕೋಡ್ ಇಲ್ಲದ ಪುಸ್ತಕಗಳು ಮತ್ತು ನನ್ನ ಆ್ಯಪ್

ನಾನೂ ನನ್ನ ಗೆಳೆಯನೂ ಸೇರಿ ಪುಸ್ತಕ ಓದುವವರಿಗೆ ಅಂತ ಒಂದು ಚಿಕ್ಕ ಆ್ಯಪ್ ಮಾಡಿದ್ದೆವು. ಏನು ಓದಿದಿರಿ, ಯಾವ ಪುಟದಲ್ಲಿದ್ದೀರಿ, ಹೇಗಿತ್ತು, ಇಷ್ಟನ್ನು ಬರೆದಿಟ್ಟುಕೊಳ್ಳಲು. ಕೋಡ್ ಅವನದು, ಡಿಸೈನ್ ನನ್ನದು. ನೋಡಲು ಚೆನ್ನಾಗೇ ಇತ್ತು. ಆದರೆ ಹಾಕಿಕೊಂಡವರು ಎರಡು ಮೂರು ಪುಸ್ತಕ ಸೇರಿಸಿ ಸುಮ್ಮನಾಗಿಬಿಡುತ್ತಿದ್ದರು. ಬಣ್ಣ ಸರಿಯಿಲ್ಲವೇನೋ, ಬಟನ್ ಸಣ್ಣದಾಯಿತೇನೋ ಅಂದುಕೊಂಡು ನಾನು ಮೂರು ವಾರ ಬರೀ ಬಣ್ಣ ಬದಲಾಯಿಸುತ್ತಾ ಕೂತೆ. ದಂಡ.

ದಸರಾ ರಜೆಗೆ ಮೈಸೂರಿಗೆ ಹೋದಾಗ ಅಮ್ಮನ ಕೈಗೆ ಫೋನ್ ಕೊಟ್ಟು, ಈಗ ಓದ್ತಿರೋ ಪುಸ್ತಕ ಸೇರಿಸಮ್ಮ ಅಂದೆ. ಅವಳು ಒಳಗಿಂದ ಒಂದು ಹಳೇ ಕಾದಂಬರಿ ತಂದಳು. ಕೆಂಪು ರೆಕ್ಸಿನ್ ಬೈಂಡು, ಮುಖಪುಟ ಯಾವತ್ತೋ ಹೋಗಿದೆ. ಆ್ಯಪ್ ತೆರೆದ ಕೂಡಲೇ ಕ್ಯಾಮೆರಾ ಬಂತು, "ಬಾರ್‌ಕೋಡ್ ತೋರಿಸಿ" ಅಂತ. ಅಮ್ಮ ಪುಸ್ತಕದ ಹಿಂಭಾಗ ತಿರುಗಿಸಿದಳು, ಮೊದಲ ಪುಟ ತೆಗೆದಳು, ಕೊನೆಗೆ ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ಲೈಬ್ರರಿ ನಂಬರನ್ನೇ ಕ್ಯಾಮೆರಾಗೆ ಹಿಡಿದಳು. "ಏನೂ ಬರ್ತಿಲ್ವಲ್ಲೋ, ಏನನ್ನ ತೋರಿಸ್ಲಿ ಇದಕ್ಕೆ?"

ಆ ಸ್ಕ್ಯಾನರ್ ನನ್ನ ಹೆಮ್ಮೆಯಾಗಿತ್ತು! ಆ ಬಾರ್‌ಕೋಡ್‌ನಲ್ಲಿರುವ ಪುಸ್ತಕದ ಗುರುತಿನ ಸಂಖ್ಯೆ, ಐಎಸ್‌ಬಿಎನ್ ಅನ್ನೋದು 1970ರಿಂದ ಅಂತರರಾಷ್ಟ್ರೀಯ ಮಾನದಂಡ, 2007ರಿಂದ 13 ಅಂಕಿ, ಭಾರತದ್ದಾದರೆ 978 ಆದಮೇಲೆ 81 ಅಥವಾ 93 ಇರುತ್ತದೆ, ಇದೆಲ್ಲ ಓದಿಕೊಂಡು ಮಾಡಿದ್ದೆ. ಆದರೆ ಆ ಸಂಜೆ ನಮ್ಮ ಮನೆಯ ಒಂದೇ ಒಂದು ಕಪಾಟು ಎಣಿಸಿದರೆ 64 ಪುಸ್ತಕ, ಬಾರ್‌ಕೋಡ್ ಇದ್ದದ್ದು 19ಕ್ಕೆ. ಓಪನ್ ಲೈಬ್ರರಿ ಅನ್ನೋ ಆನ್‌ಲೈನ್ ಪುಸ್ತಕಪಟ್ಟಿಯಿಂದ ಮಾಹಿತಿ ತರಿಸಿದರೆ ಎಷ್ಟೋ ಕನ್ನಡ ಪುಸ್ತಕಗಳ ಹೆಸರು ರೋಮನ್ ಲಿಪಿಯಲ್ಲಿ, ಅಕ್ಷರದ ಮೇಲೊಂದು ಗೆರೆ, ಕೆಳಗೊಂದು ಚುಕ್ಕೆ. ಗ್ರಂಥಪಾಲಕರಿಗೆ ಅದು ಸರಿ. ಅಮ್ಮನಿಗೆ ಅದು ಕನ್ನಡ ಪುಸ್ತಕವೇ ಅಲ್ಲ.

ಹಾಗಾಗಿ ಸೇರಿಸುವ ಪರದೆಯನ್ನು ಪೂರ್ತಿ ಕಿತ್ತು ಹಾಕಿದೆ. ಈಗ ಒಂದೇ ಡಬ್ಬಿ. ಪುಸ್ತಕದ ಹೆಸರು ಬರೆಯಿರಿ, ಮುಗೀತು. ಬೇಕಿದ್ದರೆ ಫೋಟೊ ತೆಗೆಯಿರಿ, ಮುಖಪುಟ ಇಲ್ಲದಿದ್ದರೆ ಒಳಪುಟದ್ದೇ ಆಗಲಿ. ಸ್ಕ್ಯಾನರ್ ಮೂಲೆಯಲ್ಲಿ ಒಂದು ಸಣ್ಣ ಗುರುತಾಗಿ ಕೂತಿದೆ.

ಡಬ್ಬಿ ಒಂದೇ ಆದಮೇಲೆ ಹುಡುಕಾಟ ಸರಿಯಾಗಿರಬೇಕಲ್ಲ, ಅಲ್ಲಿ ಬಿದ್ದೆವು. ಪಟ್ಟಿಯಲ್ಲಿ ಕಣ್ಣೆದುರೇ ಇರುವ ಪುಸ್ತಕವನ್ನು ಹುಡುಕಿದರೆ "ಸಿಗಲಿಲ್ಲ" ಅನ್ನುತ್ತಿತ್ತು. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು: ಯಾರೋ "ಕಾದಂಬರಿ" ಅಂತ ಬರೆಯುವಾಗ ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆ ಒತ್ತಿದ್ದಾರೆ. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ, ಬಾಯಲ್ಲೂ ನಾವು ಎರಡನ್ನೂ ಸೊನ್ನೆ ಅಂತಲೇ ಕರೆಯುತ್ತೇವೆ. ಕಂಪ್ಯೂಟರ್ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ಗೆ ಮಾತ್ರ ಬೇರೆ ಬೇರೆ. ಅಕ್ಷರದ ಪಕ್ಕ ಅಂಕಿ ಸೊನ್ನೆ ಬಂದರೆ ಅದನ್ನು ಅನುಸ್ವಾರ ಮಾಡು, ೨೦೧೦ರಂಥ ಇಸವಿಯೊಳಗಿದ್ದರೆ ಮುಟ್ಟಬೇಡ ಅಂತ ಗೆಳೆಯ ನಿಯಮ ಬರೆದ. ಜೊತೆಗೆ ಹೆಸರಿನ ಮುಂದಿನ ಇನಿಷಿಯಲ್‌ಗಳ ಚುಕ್ಕಿ, ಖಾಲಿ ಜಾಗ ಎಲ್ಲ ತೆಗೆದು ಹೋಲಿಸುವುದು. ಕಾವ್ಯನಾಮಗಳಿಗೆ ಒಂದು ಬೇರೆ ಪಟ್ಟಿಯೇ ಬೇಕಾಯಿತು, ಇಲ್ಲದಿದ್ದರೆ ಕುವೆಂಪು ಬೇರೆ, ಕೆ.ವಿ. ಪುಟ್ಟಪ್ಪ ಬೇರೆ ಲೇಖಕರಾಗುತ್ತಾರೆ.

ಇನ್ನೊಂದು ನನ್ನದೇ ತಪ್ಪು. ಕಾರ್ಡಿನಲ್ಲಿ ಅಂದವಾಗಿ ಕೂರಲಿ ಅಂತ ಹೆಸರನ್ನು 24 ಅಕ್ಷರಕ್ಕೆ ಕತ್ತರಿಸಿದ್ದೆ. ನಮಗೆ "ಸ್ತ್ರೀ" ಒಂದು ಅಕ್ಷರ, ಕಂಪ್ಯೂಟರ್ ಅದನ್ನು ಆರು ಅಂತ ಎಣಿಸುತ್ತದೆ. ಹೀಗೆ ಎಲ್ಲೆಲ್ಲೋ ಕಡಿದು, ಕೆಲವು ಹೆಸರುಗಳು ಕೊನೆಗೆ ಒಂದು ಅರ್ಧ ವ್ಯಂಜನ ನೇತಾಡಿಸಿಕೊಂಡು ನಿಂತಿದ್ದವು. ಸಾಲಿನ ಎತ್ತರವೂ ಇಂಗ್ಲಿಷಿಗೆ ಹೊಂದುವಷ್ಟೇ ಇತ್ತಲ್ಲ, ಒತ್ತಕ್ಷರಗಳ ಕಾಲು ಮಾಯ. ಕತ್ತರಿಸುವುದನ್ನೇ ಬಿಟ್ಟು, ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.6 ಪಟ್ಟು ಮಾಡಿದೆ. ಹೆಸರು ಎರಡು ಸಾಲಿಗೆ ಇಳಿದರೆ ಇಳಿಯಲಿ.

ಅಮ್ಮನ ಹತ್ತಿರ ಮೊದಲಿಂದಲೂ ಒಂದು ಆ್ಯಪ್ ಇತ್ತು ಅನ್ನೋದು ನನಗೆ ಹೊಳೆದದ್ದೇ ತಡವಾಗಿ. ಎಲ್‌ಐಸಿಯ ಹಳೇ ಡೈರಿ. ಅದರಲ್ಲಿ ನಕ್ಷತ್ರ ಇಲ್ಲ, ವರ್ಷಕ್ಕೆ ಇಷ್ಟು ಪುಸ್ತಕ ಅನ್ನೋ ಗುರಿ ಇಲ್ಲ. ಪುಸ್ತಕದ ಹೆಸರು, ಪಕ್ಕದಲ್ಲಿ ತಗೊಂಡು ಹೋದವರ ಹೆಸರು. ವಾಪಸ್ ಬಂದರೆ ಒಂದು ಗೆರೆ. ನಾನು ಗುಡ್‌ರೀಡ್ಸ್ ಅನ್ನೋ ಓದುಗರ ಜಾಲತಾಣ ನೋಡಿಕೊಂಡು ಓದಬೇಕಾದ್ದು, ಓದುತ್ತಿರುವುದು, ಓದಿದ್ದು ಅಂತ ಮೂರು ಕಪಾಟು ಮಾಡಿದ್ದೆ. "ಕೊಟ್ಟಿದ್ದು" ಅಂತ ನಾಲ್ಕನೆಯದು ಸೇರಿಸಿದೆ. ಮೊದಲು ಅದರಲ್ಲಿ ಕೊಟ್ಟು ಎಷ್ಟು ದಿನ ಆಯಿತು ಅಂತ ಕೆಂಪಿನಲ್ಲಿ ತೋರಿಸುತ್ತಿತ್ತು. "ದಿನ ಎಣಿಸಿದ್ರೆ ಸಾಲ ಕೊಟ್ಟಂಗಿರುತ್ತೆ, ತೆಗಿ ಅದನ್ನ" ಅಂದಳು. ತೆಗೆದೆ.

ವಿಮರ್ಶೆಯ ವಿಷಯಕ್ಕೆ ನಾವಿಬ್ಬರೂ ಜಗಳವಾಡಿದ್ದು ಜಾಸ್ತಿ. ಗುಡ್‌ರೀಡ್ಸ್‌ನಲ್ಲಿ ಅರ್ಧ ನಕ್ಷತ್ರ ಇಲ್ಲ, ಅಂಥದ್ದೇ ಇನ್ನೊಂದು ತಾಣ ಸ್ಟೋರಿಗ್ರಾಫ್‌ನಲ್ಲಿ ಕಾಲು ನಕ್ಷತ್ರವನ್ನೂ ಕೊಡಬಹುದು, ನಾವು ಅರ್ಧ ಕೊಡೋಣ ಅಂತ ಅವನು. ನನಗೆ ಕಂಡದ್ದು ಬೇರೆ. ನಮ್ಮಲ್ಲಿ ಎಲ್ಲರೂ ಎಲ್ಲದಕ್ಕೂ ನಾಲ್ಕೋ ಐದೋ ಕೊಡುತ್ತಿದ್ದರು. ಯಾಕೆ ಅಂದರೆ ಕನ್ನಡ ಪುಸ್ತಕಲೋಕ ಚಿಕ್ಕದು, ಲೇಖಕರು ಫೇಸ್‌ಬುಕ್‌ನಲ್ಲಿ ಗೆಳೆಯರು, ಇವತ್ತು ಎರಡು ನಕ್ಷತ್ರ ಕೊಟ್ಟರೆ ಮುಂದಿನ ಭಾನುವಾರ ಪುಸ್ತಕ ಬಿಡುಗಡೆಯಲ್ಲಿ ಉಪ್ಪಿಟ್ಟಿನ ಸಾಲಿನಲ್ಲಿ ಅವರೇ ಎದುರು ಸಿಗುತ್ತಾರೆ, ಅಲ್ವಾ? ನಕ್ಷತ್ರವನ್ನು ಕೊಟ್ಟವರಿಗೆ ಮಾತ್ರ ಕಾಣುವ ಹಾಗೆ ಮಾಡಿ, ಹೊರಗೆ ಒಂದೇ ಪ್ರಶ್ನೆ ಇಟ್ಟೆವು: "ಇದನ್ನ ಯಾರಿಗೆ ಓದೋಕೆ ಕೊಡ್ತೀರಿ?" ವಿಮರ್ಶೆಯ ಖಾಲಿ ಡಬ್ಬಿ ನೋಡಿ ಓಡಿಹೋಗುತ್ತಿದ್ದವರು ಬರೆಯತೊಡಗಿದರು. "ನಮ್ಮ ಅತ್ತೆಗೆ, ಅವರು ಮಲೆನಾಡಿನವರು, ಮಳೆ ಬಗ್ಗೆ ಬರೆದದ್ದು ಸರಿಯಿದೆಯಾ ಅಂತ ಅವರೇ ಹೇಳಬೇಕು" ಅಂತ ಒಬ್ಬರು. "ನಿದ್ದೆ ಬರದವರಿಗೆ" ಅಂತ ಇನ್ನೊಬ್ಬರು. ಹೊಗಳಿದ್ದೋ ಬೈದದ್ದೋ ಇವತ್ತಿಗೂ ಗೊತ್ತಿಲ್ಲ.

ಎಲ್ಲಕ್ಕಿಂತ ಹೆಚ್ಚು ಸಮಯ ತಿಂದದ್ದು ಹೊರಗೆ ಕಾಣದ ಕೆಲಸ. ಅಮ್ಮ ಒಂದೇ ಕಾದಂಬರಿಯನ್ನು ಪ್ರತಿ ಬೇಸಿಗೆಯಲ್ಲೂ ಓದುತ್ತಾಳೆ. ನಮ್ಮ ಆ್ಯಪ್ "ಈಗಾಗಲೇ ಓದಿದ್ದೀರಿ" ಅಂತ ಅಡ್ಡ ನಿಲ್ಲುತ್ತಿತ್ತು. ಪುಸ್ತಕ ಬೇರೆ, ಓದು ಬೇರೆ ಅಂತ ಡೇಟಾಬೇಸ್‌ನಲ್ಲಿ ಎರಡು ಭಾಗ ಮಾಡಿ, ಹಳೇ ದಾಖಲೆ ಎಲ್ಲ ಹೊಸದಕ್ಕೆ ಸಾಗಿಸಿದೆವು. ಸಾಗಿಸುವಾಗ ಎಲ್ಲ ತಾರೀಖುಗಳೂ ಅವತ್ತಿನ ತಾರೀಖಾಗಿಬಿಟ್ಟವು. "ನಾನು ನಿನ್ನೆ ಒಂದೇ ದಿನ 112 ಪುಸ್ತಕ ಓದಿದೀನಂತೆ, ಥ್ಯಾಂಕ್ಸ್" ಅಂತ ಒಬ್ಬರು ಮೆಸೇಜ್ ಹಾಕಿದ ಮೇಲೇ ನಮಗೆ ಗೊತ್ತಾದದ್ದು. ಬ್ಯಾಕಪ್ ಇತ್ತು, ರಾತ್ರಿ ಎರಡರವರೆಗೆ ಕೂತು ಸರಿ ಮಾಡಿದೆವು. ಅಮ್ಮನ ಫೋನಿನಲ್ಲಿ ಈಗ ಆ ಕಾದಂಬರಿಯ ಕೆಳಗೆ ಎರಡು ಬೇಸಿಗೆಯ ತಾರೀಖುಗಳಿವೆ. ಡೈರಿ ಮಾತ್ರ ಇನ್ನೂ ದಿಂಬಿನ ಪಕ್ಕದಲ್ಲೇ ಇದೆ, ಎರಡರಲ್ಲೂ ಬರೆಯುತ್ತಾಳೆ.