ವಿಕಲಚೇತನರ ಬಸ್ ಪಾಸ್: ಯಾವುದು ಮೊದಲು, ಯಾವುದು ಆಮೇಲೆ

ನಮ್ಮ ಚಿಕ್ಕಪ್ಪನಿಗೆ ಸಣ್ಣವರಿದ್ದಾಗಲೇ ಪೋಲಿಯೋ ಆಗಿ ಒಂದು ಕಾಲಿನ ಬಲ ಹೋಗಿದೆ. ಬಸ್ ಪಾಸ್ ಮಾಡಿಸೋಣ ಅಂತ ಅವರನ್ನು ಕರೆದುಕೊಂಡು ದಾವಣಗೆರೆಯಲ್ಲಿ ಮೂರು ಸಲ ಸುಮ್ನೆ ಅಲೆದೆ. ಒಂದು ಕಡೆ ಕಾರ್ಡ್ ಎಲ್ಲಿ ಅಂದ್ರು, ಇನ್ನೊಂದು ಕಡೆ ಅರ್ಜಿ ಎಲ್ಲಿ ಅಂದ್ರು. ತಪ್ಪು ನನ್ನದೇ, ಹಿಂದುಮುಂದು ಮಾಡಿದ್ದೆ.

ಮೊದಲು ಆಗಬೇಕಾದ್ದು ಯುಡಿಐಡಿ ಕಾರ್ಡ್, ಅಂದ್ರೆ ವಿಕಲಚೇತನರಿಗೆ ಕೊಡುವ ಗುರುತಿನ ಚೀಟಿ. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಆಧಾರ್, ಫೋಟೊ ಹಾಕಿ ಅರ್ಜಿ ಕೊಡಿ. ಆಮೇಲೆ ಆಸ್ಪತ್ರೆಗೆ ಹೋಗಬೇಕು, ನಮ್ಮೂರಲ್ಲಾದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆ. ಅಲ್ಲಿ ವೈದ್ಯರು ನೋಡಿ ವೈಕಲ್ಯ ಎಷ್ಟು ಪರ್ಸೆಂಟ್ ಅಂತ ಬರೆಯುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ಆದರೆ ಹೆಚ್ಚಿನ ಸೌಲಭ್ಯಗಳಿಗೆ 40 ಪರ್ಸೆಂಟ್ ಇರಲೇಬೇಕು. ಹಳ್ಳಿಯವರು ಕಂಪ್ಯೂಟರ್ ಸೆಂಟರ್‌ಗೆ ದುಡ್ಡು ಸುರಿಯುವ ಮುಂಚೆ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕೇಳಿ. ಇದಕ್ಕೆಲ್ಲ ಸಹಾಯ ಮಾಡೋದೇ ಅವರ ಕೆಲಸ.

ಕಾರ್ಡ್ ಕೈಗೆ ಬಂದ ಮೇಲೆ ಪಾಸ್. ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸ್‌ಗೆ ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ವರ್ಷಕ್ಕೆ 660 ರೂಪಾಯಿ. ಡಿಸೆಂಬರ್‌ಗೆ ಮುಗಿಯುತ್ತದೆ, ಪ್ರತಿ ವರ್ಷ ನವೀಕರಿಸಬೇಕು. ಅಂಧರಿಗೆ ಬೇರೆಯೇ ಉಚಿತ ಪಾಸ್ ಇದೆ.

ಎಡವುವುದು ಎಲ್ಲಿ ಅಂದ್ರೆ, ಈ ಪಾಸ್ ನಡೆಯೋದು ಮನೆಯಿಂದ 100 ಕಿಲೋಮೀಟರ್ ಒಳಗೆ ಮಾತ್ರ. ದಾವಣಗೆರೆಯವರಿಗೆ ಚಿತ್ರದುರ್ಗ, ಹಾವೇರಿ, ಶಿವಮೊಗ್ಗ ಸಿಗುತ್ತವೆ. ಹುಬ್ಬಳ್ಳಿ, ಬೆಂಗಳೂರು ಸಿಗಲ್ಲ. ಇನ್ನೂ ದೊಡ್ಡ ತೊಂದರೆ ಏನಂದ್ರೆ ನಮ್ಮ ಕಡೆ ಹಳ್ಳಿ ದಾರಿಗಳಲ್ಲಿ ಖಾಸಗಿ ಬಸ್ಸೇ ಜಾಸ್ತಿ, ಅಲ್ಲಿ ಈ ಪಾಸ್ ತೋರಿಸಿದರೂ ಟಿಕೆಟ್ ತಗೊಳ್ಳಲೇಬೇಕು. ಹಾಗಾಗಿ ನಿಮ್ಮೂರಿಗೆ ಸರ್ಕಾರಿ ಬಸ್ ದಿನಕ್ಕೆ ಎಷ್ಟು ಸಲ ಬರುತ್ತೆ ಅಂತ ನೋಡಿಕೊಂಡು 660 ಕಟ್ಟಿ. ಹೆಣ್ಣುಮಕ್ಕಳಿಗಂತೂ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಸರ್ಕಾರಿ ಬಸ್ಸಿಗೆ ಬೇರೆ ಪಾಸ್ ಯಾಕೆ ಅಲ್ವಾ?

ದೂರ ಹೋಗುವವರು ರೈಲಿನ ಕಾರ್ಡನ್ನೂ ಮಾಡಿಸಿ, ಅದು ಬೇರೆ. ರೈಲ್ವೆಯ ದಿವ್ಯಾಂಗಜನ ಪೋರ್ಟಲ್‌ನಲ್ಲಿ ಅರ್ಜಿ. ಕಾಲಿನ ತೊಂದರೆ ಇರುವವರಿಗೆ 'ಜೊತೆಗಾರರಿಲ್ಲದೆ ಪ್ರಯಾಣ ಮಾಡಲಾರರು' ಅನ್ನೋ ಮಾತು ವೈದ್ಯರ ಪ್ರಮಾಣಪತ್ರದಲ್ಲಿ ಇರಬೇಕು. ಇದೊಂದು ಸಾಲು ಬಿಟ್ಟುಹೋದರೆ ಮತ್ತೆ ಆಸ್ಪತ್ರೆ ಅಲೆದಾಟ. ಕಾರ್ಡ್ ಸಿಕ್ಕರೆ ಸ್ಲೀಪರ್, ತ್ರೀ ಎಸಿಯಲ್ಲಿ ಅವರಿಗೂ ಜೊತೆಗಾರರಿಗೂ 75 ಪರ್ಸೆಂಟ್ ರಿಯಾಯಿತಿ.

ಪಾಸ್ ಇದ್ದರೂ ಹತ್ತೋದು ಹೇಗೆ? ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್‌ಗಳಲ್ಲಿ ಶೌಚಾಲಯ, ಟಿಕೆಟ್ ಕೌಂಟರ್ ಎಲ್ಲ ವಿಕಲಚೇತನರು ಬಳಸುವಂತೆ ಇರಬೇಕು ಅಂತ ಅದೇ 2016ರ ಕಾಯ್ದೆಯ 41ನೇ ಸೆಕ್ಷನ್ ಹೇಳುತ್ತದೆ. ಹತ್ತೋಕೆ ಇಳಿಜಾರು (ರ‍್ಯಾಂಪ್) ಇಲ್ಲ, ಇದ್ದರೂ ಅದರ ಮೇಲೆ ಬೈಕ್ ನಿಲ್ಲಿಸಿದ್ದಾರೆ ಅಂದ್ರೆ ಫೋಟೊ ತೆಗೆದು ಸೆಕ್ಷನ್ ನಂಬರ್ ಬರೆದು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಸೀಲ್ ಇಲ್ಲದ ಅರ್ಜಿ ಎಲ್ಲೋ ಕಳೆದುಹೋಗುತ್ತೆ.

ಇಳಿಜಾರಿನ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳಬೇಕು. ಚಿತ್ರದುರ್ಗದ ಮೇಲೆ ಹಾದುಹೋಗುವ ತುಮಕೂರು–ದಾವಣಗೆರೆ ನೇರ ರೈಲು ಮಾರ್ಗದ 191 ಕಿಲೋಮೀಟರ್ ಯೋಜನೆಗೆ 2011-12ರಲ್ಲೇ ಮಂಜೂರಾತಿ ಸಿಕ್ಕಿತ್ತು. ಅದರಿಂದ ಊರು ಬೆಳೆಯುತ್ತೆ ಅಂತಾರೆ, ಬೆಳೆಯಲಿ. ಹೊಸ ಸ್ಟೇಷನ್‌ಗಳಿಗೆ ಇಳಿಜಾರು ಬೇಕು ಅಂತ ಕೇಳುವುದಿದ್ದರೆ ಕಾಂಕ್ರೀಟ್ ಬೀಳುವ ಮುಂಚೆಯೇ ಕೇಳಬೇಕು. ಸದ್ಯಕ್ಕೆ ಚಿತ್ರದುರ್ಗಕ್ಕೆ ರೈಲಲ್ಲಿ ಹೋಗಬೇಕಾದರೆ ಚಿಕ್ಕಜಾಜೂರು ಸುತ್ತಬೇಕು. ಚಿಕ್ಕಪ್ಪ ಪಾಸ್ ಹಿಡಿದು ಬಸ್ಸೇ ಹತ್ತುತ್ತಾರೆ, ಮೆಟ್ಟಿಲು ಎತ್ತರ ಅಂತ ಬೈಕೊಂಡು.