ಹೇಮಕೂಟದಲ್ಲಿ ಕೂತು ಹಂಪಿಯ ಬಂಡೆಗಳನ್ನು ಜಲವರ್ಣದಲ್ಲಿ ಬರೆಯುವುದು

ಹಂಪಿಯ ಬಂಡೆ ಬರೆಯಲು ಕೂತವರು ಹೆಚ್ಚಾಗಿ ಎಡವುವುದು ಪೆನ್ಸಿಲ್ ಹಿಡಿದಾಗಲೇ. ಒಂದೊಂದು ಕಲ್ಲಿಗೂ ಸುತ್ತ ಗೆರೆ ಎಳೆದು ಒಳಗೆ ಬೂದುಬಣ್ಣ ತುಂಬಿದರೆ ಗುಡ್ಡ ಹೋಗಿ ಆಲೂಗಡ್ಡೆ ರಾಶಿಯಾಗುತ್ತದೆ. ಬಂಡೆಗೆ ಮೈ ಬರುವುದು ನೆರಳಿನಿಂದ. ಆ ನೆರಳು ಗಳಿಗೆ ಗಳಿಗೆಗೂ ಸರಿಯುತ್ತದೆ.

ನವೆಂಬರ್‌ನಿಂದ ಫೆಬ್ರವರಿವರೆಗೆ, ಬೆಳಿಗ್ಗೆ 7ರಿಂದ 9ರ ಹೊತ್ತು ಒಳ್ಳೆಯದು. ಹೇಮಕೂಟ ಗುಡ್ಡ ಇರುವುದು ವಿರೂಪಾಕ್ಷ ಗುಡಿಯ ದಕ್ಷಿಣಕ್ಕೆ. ಉತ್ತರಕ್ಕೆ ಮುಖ ಮಾಡಿದರೆ ಬಲಗಡೆ ತುಸು ಹಿಂದಿನಿಂದ ಎಳೆಬಿಸಿಲು, ಎದುರಿಗೆ ಗೋಪುರ, ಅದರಾಚೆ ತುಂಗಭದ್ರೆಯ ಆಚೆದಡದ ಗುಡ್ಡಗಳು. 11 ದಾಟಿದ ಮೇಲೆ ನೆರಳೆಲ್ಲ ಕಲ್ಲಿನ ಬುಡ ಸೇರಿ ಎಲ್ಲವೂ ಚಪ್ಪಟೆ. ಸಣ್ಣ ಮಂಟಪದ ನೆರಳಲ್ಲಿ ಕೂರಿ. ಬಿಸಿಲು ಬಿದ್ದ ಬಿಳಿ ಕಾಗದ ಕಣ್ಣು ಕೋರೈಸುತ್ತದೆ, ಅದಕ್ಕೆ ಸರಿದೂಗಿಸಲು ಬಣ್ಣ ಗಾಢವಾಗಿ ಹಾಕಿಬಿಡುತ್ತೀರಿ. ಮನೆಗೆ ತಂದು ನೋಡಿದರೆ ಚಿತ್ರ ಕಪ್ಪಿಟ್ಟಿರುತ್ತದೆ.

ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕದ್ದು), ಪೂರ್ತಿ ಹತ್ತಿಯದು, ಕೋಲ್ಡ್ ಪ್ರೆಸ್, ಅಂದರೆ ಮೈ ತುಸು ತರಿತರಿಯಾದದ್ದು. 11×15 ಇಂಚು ಸಾಕು. ಕಾಗದದಲ್ಲಿ ಮಾತ್ರ ಕಂಜೂಸುತನ ಬೇಡ, ಕುಂಚದಲ್ಲಿ ಉಳಿಸಬಹುದು: 12 ಮತ್ತು 8ನೇ ನಂಬರಿನ ದುಂಡು ಕುಂಚ, ಬಿರುಕಿಗೆ ಒಂದು ರಿಗ್ಗರ್, ಅಂದರೆ ಉದ್ದ ಕೂದಲಿನ ಸಪೂರ ಕುಂಚ. ಬಣ್ಣ ಮೂರೇ: ಅಲ್ಟ್ರಾಮರೀನ್ (ಗಾಢ ನೀಲಿ), ಬರ್ನ್ಟ್ ಸಿಯೆನ್ನಾ (ಕೆಂಗಂದು), ರಾ ಸಿಯೆನ್ನಾ (ಹಳದಿಗಂದು). ಕಪ್ಪು ಟ್ಯೂಬನ್ನು ಮನೆಯಲ್ಲೇ ಬಿಡಿ. ಅದರಿಂದ ಮಾಡಿದ ನೆರಳು ಸತ್ತಂತಿರುತ್ತದೆ. ಒಂದು ಲೀಟರ್ ನೀರು, ಎರಡು ಮಗ್: ಒಂದು ತೊಳೆಯಲು, ಇನ್ನೊಂದು ಬಣ್ಣ ಕಲಸಲು.

ಮೊದಲು ಅಂಗೈಯಗಲದ ಕರಡಿನಲ್ಲಿ ನೆರಳಿನ ಆಕಾರಗಳನ್ನಷ್ಟೇ ಪೆನ್ಸಿಲಿನಿಂದ ತುಂಬಿ. ಐದೇ ನಿಮಿಷ. ಆಮೇಲೆ ಬಿಸಿಲು ಎಲ್ಲಿಗೇ ಸರಿಯಲಿ, ಆ ಕರಡನ್ನೇ ನಂಬಬೇಕು. ಅರ್ಧದಲ್ಲಿ ನೆರಳು ಬದಲಿಸಿದರೆ ಒಂದೇ ಚಿತ್ರದಲ್ಲಿ ಎರಡು ಸೂರ್ಯರು.

ಕಾಗದ ಅಂಟಿಸಿದ ಹಲಗೆಯ ಮೇಲ್ತುದಿ ಎರಡು ಇಂಚು ಎತ್ತರಿಸಿ, ಆಕಾಶಕ್ಕೆ ತೀರಾ ತೆಳು ನೀಲಿ ಹರಿಸಿ. ಬಂಡೆಗಳೆಲ್ಲಕ್ಕೂ ಒಟ್ಟಿಗೆ ರಾ ಸಿಯೆನ್ನಾದ ತೆಳು ವಾಶ್ (ನೀರಾಗಿ ಕಲಸಿದ ಬಣ್ಣದ ಲೇಪ), ಅಲ್ಲಲ್ಲಿ ಚೂರು ಬರ್ನ್ಟ್ ಸಿಯೆನ್ನಾ. ಗೋಪುರದ ಬಿಸಿಲು ಮುಖ, ಬಂಡೆಗಳ ನೆತ್ತಿ ಇವಕ್ಕೆ ಕುಂಚ ತಾಗಿಸಬೇಡಿ. ಕಾಗದದ ಬಿಳುಪೇ ಅಲ್ಲಿನ ಬಿಸಿಲು. ಒಣಗಿತೋ ಎಂದು ಬೆರಳಿನ ಹಿಂಬದಿ ತಾಗಿಸಿ ನೋಡಿ. ತಣ್ಣಗಿದ್ದರೆ ಇನ್ನೂ ಹಸಿ.

ಈಗ ನೆರಳು. ಎರಡು ಪಾಲು ಅಲ್ಟ್ರಾಮರೀನ್, ಒಂದು ಪಾಲು ಬರ್ನ್ಟ್ ಸಿಯೆನ್ನಾ, ಬೇಕೆನಿಸಿದ್ದಕ್ಕಿಂತ ದುಪ್ಪಟ್ಟು ಕಲಸಿಡಿ. ಅಲ್ಟ್ರಾಮರೀನಿನ ಕಣಗಳು ಕಾಗದದ ಕುಳಿಗಳಲ್ಲಿ ತಂಗುತ್ತವೆ. ಕಲ್ಲಿನ ಒರಟು ಪುಕ್ಕಟೆಯಾಗಿ ಸಿಗುತ್ತದೆ. ಅಕ್ಕಪಕ್ಕದ ನಾಲ್ಕೈದು ಬಂಡೆಗಳ ನೆರಳನ್ನು ಒಂದಕ್ಕೊಂದು ಬೆಸೆದು, ಕುಂಚ ಎತ್ತದೆ ಒಂದೇ ಆಕಾರವಾಗಿ ಎಳೆಯಿರಿ. ಹಸಿಯಿದ್ದಾಗಲೇ ಬುಡಕ್ಕೆ ಬರ್ನ್ಟ್ ಸಿಯೆನ್ನಾದ ಒಂದೆರಡು ಹನಿ ಬಿಡಿ: ಬಿಸಿಲುಂಡ ನೆಲದ ಕೆಂಪು ಛಾಯೆ ಕಲ್ಲಿಗೆ ಹೊಡೆದಂತಾಗುತ್ತದೆ. ಒಣಗಿದಾಗ ಬಣ್ಣ ತಿಳಿಯಾಗುವುದರಿಂದ ನೆರಳು ಕಣ್ಣಿಗೆ ಕಂಡದ್ದಕ್ಕಿಂತ ತುಸು ಗಾಢವಾಗಿಯೇ ಇರಲಿ. ದೂರದ ಗುಡ್ಡಕ್ಕೆ ಇದೇ ಮಿಶ್ರಣ, ನೀರು ಜಾಸ್ತಿ, ನೀಲಿ ಜಾಸ್ತಿ.

ಬಳ್ಳಾರಿ ಸೀಮೆಯ ಒಣಗಾಳಿಯಲ್ಲಿ ವಾಶ್ ನಡುವೆ ಕೈ ನಿಂತರೆ ಅಲ್ಲೇ ಗಡುಸು ಅಂಚು ಕೂರುತ್ತದೆ. ಅದನ್ನು ತಿದ್ದಲು ಅರೆಹಸಿ ಜಾಗಕ್ಕೆ ನೀರುಕುಂಚ ತಾಗಿಸಿದಿರೋ, ನೀರು ಬಣ್ಣವನ್ನು ತಳ್ಳಿಕೊಂಡು ಹೋಗಿ ಹೂಕೋಸಿನಂಥ ಕಲೆ ಮಾಡುತ್ತದೆ. ಪೂರ್ತಿ ಒಣಗಲಿ, ನಂತರ ಒದ್ದೆ ಕುಂಚದಿಂದ ಅಂಚನ್ನು ಮೆಲ್ಲಗೆ ಉಜ್ಜಿ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ.

ಬಿರುಕುಗಳು ಕೊನೆಗೆ, ಇಡೀ ಚಿತ್ರಕ್ಕೆ ಆರೇಳು. ಗೋಪುರದ ಒಂಬತ್ತು ನೆಲೆಗಳ ಗೊಂಬೆಗಳನ್ನು ಎಣಿಸಲು ಹೋಗಬೇಡಿ. ನೆರಳಿನ ಅಡ್ಡಪಟ್ಟಿಗಳು ಸಾಕು. ಬಾಳೆಹಣ್ಣಿನ ಚೀಲ ಮಾತ್ರ ಪಕ್ಕದಲ್ಲಿಡಬೇಡಿ, ಅಲ್ಲಿನ ಕೋತಿಗಳು ಚೀಲದ ಜೊತೆಗೆ ಬಣ್ಣದ ಡಬ್ಬಿಯನ್ನೂ ಒಯ್ಯುತ್ತವೆ.